ದುಡಿಯುವಾಗಲೇ ಕಾಣಬೇಕು: ಕ್ಷ-ಕಿರಣ ಅಧ್ಯಯನಕ್ಕಾಗಿ ವಿದ್ಯುದ್ರಾಸಾಯನಿಕ ಕೋಶದ ರಚನೆ

೧. ಪ್ರವೇಶ

ಮಧ್ಯಕಾಲೀನ ಕಾವ್ಯಗಳ ಪಾಠಪರಿಷ್ಕರಣದಲ್ಲಿ ಬಹುಕಾಲವನ್ನು ಕಳೆದ ನಾವು ಈ ಸಂಚಿಕೆಯಲ್ಲಿ ರಸಾಯನಶಾಸ್ತ್ರದ ವಿಷಯವೊಂದನ್ನು ಕುರಿತು ಬರೆಯಹೊರಟಿರುವುದಕ್ಕೆ ಕಾರಣವನ್ನು ಮೊದಲು ಹೇಳಬೇಕಾಗಿದೆ. ನಮ್ಮ ಪೀಠದ ಸಭೆಗಳಿಗೆ ವಿಜ್ಞಾನ ವಿಭಾಗಗಳ ಕನ್ನಡಿಗ ಸಂಶೋಧಕರೂ ಬರುವುದುಂಟು. ಅವರಲ್ಲೊಬ್ಬರನ್ನು ‘ನೀವು ಮಾಡುತ್ತಿರುವ ಕೆಲಸವೇನು?’ ಎಂದು ಕೇಳಿದೆವು. ಅವರು ಎರಡು ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ ಮೂರನೆಯದಕ್ಕೆ ತಡವರಿಸಿದರು. ಬಳಿಕ, ‘ಸಾರ್, ಇದನ್ನು ಮನೆಯಲ್ಲಿ ಅಮ್ಮನಿಗೂ ಹೇಳಲಾಗಿಲ್ಲ’ ಎಂದರು. ಆ ಮಾತು ನಮ್ಮನ್ನು ಕಾಡಿತು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸುವುದೆಂದರೆ ಹಬ್ಬ, ಹಾಡು, ನಾಟಕಗಳಲ್ಲಿ ಮಾತ್ರ ಉಳಿಸುವುದಲ್ಲ; ದಿನವಿಡೀ ತಾನು ಯೋಚಿಸುವ ವಿಷಯವನ್ನು ತನ್ನ ಭಾಷೆಯಲ್ಲಿ ಹೇಳಲಾರದವನಿಗೆ ಆ ಭಾಷೆ ಕ್ರಮೇಣ ರಜಾದಿನದ ಭಾಷೆಯಾಗಿಬಿಡುತ್ತದೆ. ಆದುದರಿಂದ ಆ ಸಂಶೋಧಕರನ್ನು ಹಲವು ಸಲ ಕೂಡಿಸಿಕೊಂಡು, ಕೇಳಿ, ಮತ್ತೆ ಕೇಳಿ, ತಿಳಿದುದನ್ನು ಇಲ್ಲಿ ನಿರೂಪಿಸಿದ್ದೇವೆ.

ವಿಜ್ಞಾನದ ಈ ಕವಲಿನಲ್ಲಿ ಭಾಷಾವಿದ್ವಾಂಸರಿಗೆ ಒಂದು ಹಳೆಯ ಪಾತ್ರವೂ ಉಂಟು. ೧೮೩೪ರಲ್ಲಿ ಮೈಕೇಲ್ ಫ್ಯಾರಡೆ ವಿದ್ಯುತ್ತಿನಿಂದ ದ್ರಾವಣಗಳು ವಿಭಜನೆಗೊಳ್ಳುವುದನ್ನು ವಿವರಿಸುವಾಗ ತನಗೆ ಬೇಕಾದ ಪದಗಳಿಗಾಗಿ ಕೇಂಬ್ರಿಜ್‌ನ ಬಹುಶ್ರುತ ವಿದ್ವಾಂಸ ವಿಲಿಯಂ ಹ್ಯೂಯೆಲ್‌ಗೆ ಪತ್ರ ಬರೆದನು. ಹ್ಯೂಯೆಲ್ ಗ್ರೀಕ್ ಮೂಲದಿಂದ ಸೂಚಿಸಿದ ಪದಗಳೇ ಆನೋಡ್, ಕ್ಯಾಥೋಡ್ ಹಾಗೂ ಅಯಾನು. ಮೊದಲನೆಯದಕ್ಕೆ ‘ಮೇಲೇರುವ ದಾರಿ’, ಎರಡನೆಯದಕ್ಕೆ ‘ಕೆಳಗಿಳಿಯುವ ದಾರಿ’, ಮೂರನೆಯದಕ್ಕೆ ‘ಹೋಗುವಂಥದು’ ಎಂದರ್ಥ. ಪ್ರಯೋಗಶಾಲೆಯವರು ಪದಕ್ಕಾಗಿ ಪಂಡಿತರ ಬಾಗಿಲು ತಟ್ಟಿದ ಆ ಸಂದರ್ಭವನ್ನು ನೆನೆದರೆ ನಮ್ಮ ಈ ಯತ್ನ ತೀರ ಅಪ್ರಸ್ತುತವೆನಿಸದು.

೨. ಕೋಶವೆಂದರೇನು?

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವನ್ನು ಕ್ರಿಯಾವರ್ಧಕ ಎನ್ನುತ್ತೇವೆ. ಕ್ರಿಯಾವರ್ಧನೆ ಎಂಬ ಪರಿಕಲ್ಪನೆಗೆ ೧೮೩೫ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಬರ್ಜೀಲಿಯಸ್. ನಮ್ಮ ವಿಷಯಕ್ಕೆ ಸಂಬಂಧಿಸಿದ ಕ್ರಿಯಾವರ್ಧಕಗಳು ವಿದ್ಯುದಗ್ರದ ಮೇಲೆ ಕುಳಿತು ಕೆಲಸ ಮಾಡುವಂಥವು. ನೀರನ್ನು ವಿಭಜಿಸಿ ಜಲಜನಕವನ್ನು ಪಡೆಯುವುದು, ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿ ಮಾರ್ಪಡಿಸುವುದು, ಇಂಧನಕೋಶದಲ್ಲಿ ಆಮ್ಲಜನಕವನ್ನು ಬಳಸಿ ವಿದ್ಯುತ್ತನ್ನು ಉತ್ಪಾದಿಸುವುದು, ಇವೆಲ್ಲ ಇಂತಹ ಕ್ರಿಯಾವರ್ಧಕಗಳನ್ನು ಅವಲಂಬಿಸಿವೆ.

ಪ್ರಯೋಗಶಾಲೆಯ ಕೋಶದಲ್ಲಿ ಸಾಮಾನ್ಯವಾಗಿ ಮೂರು ವಿದ್ಯುದಗ್ರಗಳಿರುತ್ತವೆ. ಅಧ್ಯಯನಕ್ಕೆ ಒಳಪಟ್ಟ ಕ್ರಿಯಾವರ್ಧಕವನ್ನು ಹೊತ್ತುದು ಕಾರ್ಯ ವಿದ್ಯುದಗ್ರ; ಮಂಡಲವನ್ನು ಪೂರ್ಣಗೊಳಿಸುವುದು ಪ್ರತಿ ವಿದ್ಯುದಗ್ರ; ತಾನು ಬದಲಾಗದೆ ನಿಂತು, ಕಾರ್ಯ ವಿದ್ಯುದಗ್ರದ ವಿಭವವೆಷ್ಟು ಎಂಬುದಕ್ಕೆ ಅಳತೆಗೋಲಾಗುವುದು ಉಲ್ಲೇಖ ವಿದ್ಯುದಗ್ರ. ಈ ಮೂರೂ ಅಯಾನುಗಳಿರುವ ದ್ರಾವಣದಲ್ಲಿ, ಎಂದರೆ ವಿದ್ಯುದ್ವಿಭಾಜ್ಯದಲ್ಲಿ ಮುಳುಗಿರುತ್ತವೆ. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರನ್ನು ವಿಭಜಿಸಲು ತತ್ತ್ವತಃ ೧.೨೩ ವೋಲ್ಟ್ ಸಾಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಈ ಹೆಚ್ಚುವರಿಯೇ ಅಧಿವಿಭವ. ಅದನ್ನು ತಗ್ಗಿಸುವುದೇ ಕ್ರಿಯಾವರ್ಧಕದ ಕೆಲಸ.

ಇಲ್ಲಿ ಪದವೊಂದರ ಬಗ್ಗೆ ಎಚ್ಚರಿಕೆ ಅವಶ್ಯ. ನಮ್ಮ ಪಠ್ಯಪುಸ್ತಕಗಳು ಆನೋಡನ್ನು ಧನಾಗ್ರವೆಂದೂ ಕ್ಯಾಥೋಡನ್ನು ಋಣಾಗ್ರವೆಂದೂ ಕರೆದಿವೆ. ನೀರನ್ನು ವಿಭಜಿಸುವ ಕೋಶದಲ್ಲಿ ಇದು ಸರಿ. ಆದರೆ ವಿದ್ಯುತ್ತನ್ನು ಉತ್ಪಾದಿಸುವ ಕೋಶದಲ್ಲಿ ಆನೋಡ್ ಋಣ ಧ್ರುವವಾಗಿರುತ್ತದೆ! ಹ್ಯೂಯೆಲ್ ಕೊಟ್ಟ ಪದ ದಾರಿಯನ್ನು ಹೇಳುತ್ತದೆ; ನಮ್ಮದು ಚಿಹ್ನೆಯನ್ನು ಹೇಳುತ್ತದೆ. ಚಿಹ್ನೆ ಬದಲಾಗುತ್ತದೆ, ನಡೆಯುವ ಕ್ರಿಯೆ ಬದಲಾಗುವುದಿಲ್ಲ. ಉತ್ಕರ್ಷಣ ನಡೆಯುವ ತುದಿಯನ್ನು ‘ಉತ್ಕರ್ಷಣಾಗ್ರ’ವೆಂದೂ ಅಪಕರ್ಷಣ ನಡೆಯುವ ತುದಿಯನ್ನು ‘ಅಪಕರ್ಷಣಾಗ್ರ’ವೆಂದೂ ಕರೆದರೆ ಗೊಂದಲ ತಪ್ಪುತ್ತದೆಂದು ನಮ್ಮ ಅಭಿಪ್ರಾಯ.

೩. ದುಡಿಯುವಾಗಲೇ ಏಕೆ ನೋಡಬೇಕು?

ಕ್ರಿಯಾವರ್ಧಕವನ್ನು ಪ್ರಯೋಗಕ್ಕೆ ಮೊದಲೊಮ್ಮೆ, ಪ್ರಯೋಗ ಮುಗಿದ ಮೇಲೊಮ್ಮೆ ಪರೀಕ್ಷಿಸಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಾಲದು. ತಾಮ್ರದ ಉದಾಹರಣೆಯನ್ನು ನೋಡೋಣ. ಇಂಗಾಲದ ಡೈಆಕ್ಸೈಡಿನಿಂದ ಹೈಡ್ರೋಕಾರ್ಬನ್ನುಗಳನ್ನು ಪಡೆಯುವ ಕ್ರಿಯೆಯಲ್ಲಿ ತಾಮ್ರದ ವಿಶೇಷ ಸಾಮರ್ಥ್ಯವನ್ನು ಜಪಾನಿನ ಯೋಶಿಯೋ ಹೋರಿ ೧೯೮೦ರ ದಶಕದಲ್ಲಿ ತೋರಿಸಿಕೊಟ್ಟರು. ಗಾಳಿಯಲ್ಲಿದ್ದ ತಾಮ್ರದ ಮೇಲೆ ಆಕ್ಸೈಡಿನ ಪದರವಿರುತ್ತದೆ. ಋಣ ವಿಭವವನ್ನು ಕೊಟ್ಟಾಗ ಆ ಪದರ ಅಪಕರ್ಷಣಗೊಂಡು ಲೋಹವಾಗತೊಡಗುತ್ತದೆ. ವಿಭವವನ್ನು ತೆಗೆದು ವಿದ್ಯುದಗ್ರವನ್ನು ಹೊರಕ್ಕೆತ್ತಿದೊಡನೆ ಮೇಲ್ಮೈ ಮತ್ತೆ ಆಕ್ಸೈಡಾಗುತ್ತದೆ. ಪ್ರಯೋಗಕ್ಕೆ ಮೊದಲೂ ಆಕ್ಸೈಡು, ಪ್ರಯೋಗದ ನಂತರವೂ ಆಕ್ಸೈಡು. ಈ ಎರಡು ಸಾಕ್ಷ್ಯಗಳನ್ನು ಮಾತ್ರ ಹಿಡಿದು ‘ಆಕ್ಸೈಡೇ ಕೆಲಸ ಮಾಡಿತು’ ಎಂದು ತೀರ್ಮಾನಿಸಿದರೆ ಅದಕ್ಕೆ ಆಧಾರವಿಲ್ಲ. ನಿಕಲ್ ಹೈಡ್ರಾಕ್ಸೈಡಿನ ಸ್ಥಿತಿಯೂ ಇಂಥದೇ: ಧನ ವಿಭವದಲ್ಲಿ ಅದು ಉತ್ಕರ್ಷಣಗೊಂಡು ಆಕ್ಸಿಹೈಡ್ರಾಕ್ಸೈಡ್ ಆಗುತ್ತದೆ, ವಿಭವವನ್ನು ಹಿಂದಕ್ಕಿಳಿಸಿದರೆ ಮರಳಿ ಹೈಡ್ರಾಕ್ಸೈಡಾಗುತ್ತದೆ.

ನಮ್ಮ ಕ್ಷೇತ್ರದ ಹೋಲಿಕೆಯೊಂದನ್ನು ಹೇಳುವುದಾದರೆ, ಓಲೆಗರಿಯಲ್ಲಿರುವ ಕಾವ್ಯವೇ ಬೇರೆ, ಗಮಕಿಯ ಕಂಠದಲ್ಲಿ ನಡೆಯುವ ಕಾವ್ಯವೇ ಬೇರೆ. ಎಲ್ಲಿ ನಿಲ್ಲಿಸಿದರು, ಯಾವ ಪದವನ್ನು ಒಡೆದು ಹೇಳಿದರು ಎಂಬುದು ವಾಚನ ಮುಗಿದ ಮೇಲೆ ಗರಿಯಲ್ಲಿ ಕಾಣಸಿಗುವುದಿಲ್ಲ. ವಾಚನ ನಡೆಯುತ್ತಿರುವಾಗಲೇ ಎದುರಿಗೆ ಕುಳಿತಿರಬೇಕು. ಕ್ರಿಯಾವರ್ಧಕವನ್ನು ಹೀಗೆ, ಕ್ರಿಯೆ ನಡೆಯುತ್ತಿರುವಾಗಲೇ, ಅದರ ಉತ್ಪನ್ನವನ್ನೂ ಅಳೆಯುತ್ತ ನೋಡುವ ವಿಧಾನಕ್ಕೆ ‘ಆಪರಾಂಡೊ’ ಎಂದು ಹೆಸರು. ಈ ಲ್ಯಾಟಿನ್ ಪದವನ್ನು ಕ್ರಿಯಾವರ್ಧಕ ಸಾಹಿತ್ಯಕ್ಕೆ ತಂದವರು ಸ್ಪೇನಿನ ಮಿಗೆಲ್ ಬನ್ಯಾರೆಸ್. ಅದು ಬಳಕೆಗೆ ಬಂದುದು ೨೦೦೨ರ ಸುಮಾರಿನಲ್ಲಿ. ಇದನ್ನು ನಾವು ‘ಕಾರ್ಯನಿರತ ವೀಕ್ಷಣೆ’ ಎನ್ನೋಣ. ವಸ್ತುವನ್ನು ದ್ರಾವಣದೊಳಗಿಟ್ಟೇ ನೋಡಿದರೂ ಅದು ನಿಜವಾಗಿ ದುಡಿಯುತ್ತಿದೆಯೆಂಬುದಕ್ಕೆ ಅಳತೆಯಿಲ್ಲದಿದ್ದರೆ ಅದು ‘ಸ್ವಸ್ಥಾನ ವೀಕ್ಷಣೆ’ ಮಾತ್ರ. ಈ ಎರಡರ ಭೇದವನ್ನು ಮರೆಯಬಾರದು.

೪. ಕ್ಷ-ಕಿರಣ ಏನನ್ನು ತಿಳಿಸುತ್ತದೆ?

ರಾಂಟ್‌ಜೆನ್ ೧೮೯೫ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳು ದ್ರವದ ಮೂಲಕ ಹಾಯಬಲ್ಲವಾದ್ದರಿಂದ ಈ ಕೆಲಸಕ್ಕೆ ಒದಗುತ್ತವೆ. ಪ್ರತಿಯೊಂದು ಮೂಲವಸ್ತುವೂ ತನಗೇ ವಿಶಿಷ್ಟವಾದ ಒಂದು ಶಕ್ತಿಯಲ್ಲಿ ಕ್ಷ-ಕಿರಣವನ್ನು ಹಠಾತ್ತಾಗಿ ಹೆಚ್ಚು ಹೀರಿಕೊಳ್ಳುತ್ತದೆ. ಇದನ್ನು ಹೀರಿಕೆಯ ಅಂಚು ಎನ್ನುತ್ತಾರೆ. ಕಬ್ಬಿಣದ ಕೆ-ಅಂಚು ೭೧೧೨ ಎಲೆಕ್ಟ್ರಾನ್-ವೋಲ್ಟ್, ಕೋಬಾಲ್ಟಿನದು ೭೭೦೯, ನಿಕಲ್ಲಿನದು ೮೩೩೩, ತಾಮ್ರದ್ದು ೮೯೭೯. ಹೀಗಾಗಿ ಹಲವು ಲೋಹಗಳು ಬೆರೆತಿದ್ದರೂ ಬೇಕಾದ ಲೋಹವೊಂದನ್ನೇ ವಿಚಾರಿಸಬಹುದು.

ಲೋಹ ಉತ್ಕರ್ಷಣಗೊಂಡಂತೆ ಅದರ ಅಂಚು ಕೆಲವು ಎಲೆಕ್ಟ್ರಾನ್-ವೋಲ್ಟ್‌ಗಳಷ್ಟು ಮೇಲಕ್ಕೆ ಸರಿಯುತ್ತದೆ. ಅಂಚಿನ ಆಸುಪಾಸಿನ ಆಕಾರದಿಂದ ಲೋಹದ ಉತ್ಕರ್ಷಣ ಸ್ಥಿತಿಯನ್ನು ಊಹಿಸಬಹುದು. ಅಂಚಿನಿಂದ ಮುಂದೆ ಕಾಣುವ ಸಣ್ಣ ಅಲೆಗಳಿಂದ ಆ ಪರಮಾಣುವಿನ ನೆರೆಹೊರೆಯಲ್ಲಿ ಯಾವ ಪರಮಾಣುಗಳು ಎಷ್ಟು ದೂರದಲ್ಲಿವೆ ಎಂಬುದನ್ನು ಲೆಕ್ಕಹಾಕಬಹುದು. ಈ ಅಲೆಗಳನ್ನು ದೂರದ ಅಳತೆಯಾಗಿ ಓದುವ ಗಣಿತಮಾರ್ಗವನ್ನು ೧೯೭೧ರಲ್ಲಿ ಸೇಯರ್ಸ್, ಸ್ಟರ್ನ್ ಮತ್ತು ಲೈಟಲ್ ತೋರಿಸಿದರು.

ಇದಕ್ಕೆ ಬೇಕಾದ ತೀವ್ರವಾದ, ಶಕ್ತಿಯನ್ನು ಬೇಕಾದಂತೆ ಬದಲಿಸಬಹುದಾದ ಕಿರಣಗಳು ಸಿಂಕ್ರೋಟ್ರಾನ್‌ಗಳಲ್ಲಿ ದೊರೆಯುತ್ತವೆ. ಭಾರತದಲ್ಲಿ ಇಂದೋರಿನ ಇಂಡಸ್-೨ ಇಂಥ ಕೇಂದ್ರ. ಅದರ ಎಲೆಕ್ಟ್ರಾನುಗಳ ಶಕ್ತಿ ೨.೫ ಗಿಗಾ ಎಲೆಕ್ಟ್ರಾನ್-ವೋಲ್ಟ್. ಹೀರಿಕೆಯ ಅಧ್ಯಯನಕ್ಕೆಂದೇ ಅಲ್ಲಿ ಕಿರಣಮಾರ್ಗಗಳಿವೆ. ಈ ಯಂತ್ರವನ್ನು ನಡೆಸುವ ಸಂಸ್ಥೆಗೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿರುವುದು ನಮ್ಮ ಓದುಗರಿಗೆ ಸಂತೋಷವನ್ನು ತರಬಹುದು. ಇಂತಹ ಕೇಂದ್ರಗಳಲ್ಲಿ ಒಂದು ತಂಡಕ್ಕೆ ಸಿಗುವ ಅವಧಿ ಕೆಲವೇ ದಿನಗಳು. ಆದ್ದರಿಂದ ಕೋಶದ ರಚನೆಯಲ್ಲಿ ತಪ್ಪಿದ್ದರೆ ಅದನ್ನು ತಿದ್ದಿಕೊಳ್ಳಲು ಮತ್ತೆ ಬಹುಕಾಲ ಕಾಯಬೇಕಾಗುತ್ತದೆ.

೫. ರಚನೆಯ ಸಮಸ್ಯೆಗಳು

ವಿದ್ಯುದ್ರಸಾಯನಕ್ಕೆ ಬೇಕಾದ ಕೋಶವೂ ಕ್ಷ-ಕಿರಣಕ್ಕೆ ಬೇಕಾದ ಕೋಶವೂ ಒಂದೇ ಅಲ್ಲ ಎಂಬುದೇ ಈ ವಿಷಯದ ತಿರುಳು. ಮೊದಲನೆಯದಕ್ಕೆ ಧಾರಾಳವಾದ ದ್ರವ ಬೇಕು. ಎರಡನೆಯದಕ್ಕೆ ದ್ರವವೇ ಅಡ್ಡಿ.

(ಅ) ನೀರಿನ ದಪ್ಪ: ೮೦೦೦ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಕಿರಣ ಒಂದು ಮಿಲಿಮೀಟರ್ ನೀರನ್ನು ಹಾಯ್ದಾಗ ಉಳಿಯುವುದು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಐದು ಮಿಲಿಮೀಟರ್ ಹಾಯ್ದರೆ ಉಳಿಯುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಲೋಹ ಕ್ಷ-ಕಿರಣವನ್ನು ಹೀರಿ ಮರಳಿ ಸೂಸುವ ಪ್ರತಿದೀಪ್ತಿಯನ್ನು ಅಳೆಯುವುದಾದರೆ ನಷ್ಟ ಎರಡು ಸಲ: ಒಳಹೋಗುವಾಗ ಒಮ್ಮೆ, ಹೊರಬರುವಾಗ ಇನ್ನೊಮ್ಮೆ. ಆದುದರಿಂದ ವಿದ್ಯುದಗ್ರದ ಮುಂದೆ ದ್ರವವನ್ನು ತೆಳ್ಳನೆಯ ಪದರವಾಗಿ ಹಿಡಿದಿಡುವುದು ಮೊದಲು ಹೊಳೆಯುವ ಉಪಾಯ.

(ಆ) ತೆಳುಪದರದ ರೋಧ: ಈ ಉಪಾಯವೇ ಹೊಸ ತೊಡಕನ್ನು ತರುತ್ತದೆ. ೦.೧ ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಒಂದು ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ, ೦.೧ ಮಿಲಿಮೀಟರ್ ದಪ್ಪದ ಪದರವಾಗಿ ಇಟ್ಟರೆ ಒಂದು ಅಂಚಿನಿಂದ ಎದುರಂಚಿಗೆ ಅದರ ರೋಧ ಸುಮಾರು ನಾಲ್ಕೈದು ಸಾವಿರ ಓಮ್ ಆಗುತ್ತದೆ. ಪ್ರತಿ ವಿದ್ಯುದಗ್ರ ಒಂದು ಪಕ್ಕದಲ್ಲಿದ್ದು, ಆಚೆಯ ಅಂಚಿನಿಂದ ಒಂದು ಮಿಲಿಆಂಪಿಯರ್ ವಿದ್ಯುತ್ ಈ ಪದರದುದ್ದಕ್ಕೂ ಹರಿದು ಬರಬೇಕಾದರೆ ದಾರಿಯಲ್ಲೇ ನಾಲ್ಕೈದು ವೋಲ್ಟ್ ವ್ಯಯವಾಗುತ್ತದೆ. ಪರಿಣಾಮವೇನು? ವಿದ್ಯುದಗ್ರದ ಅಂಚು ಒಂದು ವಿಭವದಲ್ಲಿರುತ್ತದೆ, ನಡುಭಾಗ ಇನ್ನೊಂದರಲ್ಲಿ. ವಿದ್ಯುತ್ತನ್ನು ಹರಿಸುತ್ತಿರುವುದು ಅಂಚು. ಕ್ಷ-ಕಿರಣ ಬೀಳುತ್ತಿರುವುದು ನಡುವಿನ ನಿಷ್ಕ್ರಿಯ ಭಾಗದ ಮೇಲೆ. ಉಪಕರಣ ತೋರಿಸುವ ವಿಭವ ನಾವು ನೋಡುತ್ತಿರುವ ಕಣಗಳದ್ದಲ್ಲ. ಇದಕ್ಕಿಂತ ಅಪಾಯಕಾರಿಯಾದ ತಪ್ಪು ಇನ್ನೊಂದಿಲ್ಲ. ಏಕೆಂದರೆ ರೋಹಿತ ನೋಡಲು ಚೊಕ್ಕವಾಗಿಯೇ ಬಂದಿರುತ್ತದೆ.

(ಇ) ಗುಳ್ಳೆಗಳು: ಆಮ್ಲಜನಕ ಬಿಡುಗಡೆಯ ಪ್ರಯೋಗಗಳಲ್ಲಿ ಚದರ ಸೆಂಟಿಮೀಟರಿಗೆ ೧೦ ಮಿಲಿಆಂಪಿಯರ್ ಎಂಬುದು ರೂಢಿಯ ಮಾನದಂಡ. ಫ್ಯಾರಡೆಯ ನಿಯಮದಂತೆ ಲೆಕ್ಕಹಾಕಿದರೆ ನಿಮಿಷಕ್ಕೆ ಸುಮಾರು ೦.೦೪ ಮಿಲಿಲೀಟರ್ ಆಮ್ಲಜನಕ ಹುಟ್ಟುತ್ತದೆ. ಅಲ್ಪವೆನಿಸಬಹುದು. ಆದರೆ ಮೇಲೆ ಹೇಳಿದ ತೆಳುಪದರದಲ್ಲಿರುವ ದ್ರವವೇ ಕೇವಲ ೦.೦೧ ಮಿಲಿಲೀಟರ್. ಎಂದರೆ ಪ್ರತಿ ನಿಮಿಷವೂ ದ್ರವದ ಗಾತ್ರದ ನಾಲ್ಕರಷ್ಟು ಅನಿಲ ಅಲ್ಲಿ ಹುಟ್ಟುತ್ತಿರುತ್ತದೆ! ಗುಳ್ಳೆ ಕೂತಲ್ಲಿ ದ್ರವವಿಲ್ಲ, ದ್ರವವಿಲ್ಲದಲ್ಲಿ ಕ್ರಿಯೆಯಿಲ್ಲ. ಗುಳ್ಳೆ ಸರಿದಾಡುವಾಗ ಕಿರಣದ ಹೀರಿಕೆಯೂ ಏರಿಳಿದು ಅಳತೆಯಲ್ಲಿ ಗದ್ದಲವೇಳುತ್ತದೆ. ಆದ್ದರಿಂದ ಪಂಪಿನ ಮೂಲಕ ದ್ರವವನ್ನು ಸತತವಾಗಿ ಹರಿಸಬೇಕು. ಗುಳ್ಳೆ ಮೇಲೇರಿ ಹೊರಹೋಗುವಂತೆ ಕೆಳಗಿನಿಂದ ಮೇಲಕ್ಕೆ ಹರಿಸುವುದು ಲೇಸು. ಪ್ರವಾಹ ಹೊಸ ದ್ರವವನ್ನೂ ತರುವುದರಿಂದ ಮೇಲ್ಮೈಯ ಬಳಿ ಆಮ್ಲ-ಕ್ಷಾರದ ಮಟ್ಟವೂ ಹೆಚ್ಚು ಏರುಪೇರಾಗುವುದಿಲ್ಲ.

(ಈ) ಹಿಂಬದಿಯಿಂದ ಬೆಳಗುವುದು: ಮೇಲಿನ ಮೂರು ತೊಡಕುಗಳಿಗೂ ಒಟ್ಟಿಗೆ ಪರಿಹಾರವಾಗಿ ಬಹಳ ಬಳಕೆಯಲ್ಲಿರುವ ರಚನೆಯಿದು. ತೆಳ್ಳನೆಯ ಕಿಟಕಿಯ ಒಳಮೈಗೆ ಅತಿ ತೆಳುವಾದ ಚಿನ್ನ ಅಥವಾ ಇಂಗಾಲದ ವಾಹಕ ಲೇಪನವನ್ನು ಕೊಟ್ಟು ಅದರ ಮೇಲೆ ಕ್ರಿಯಾವರ್ಧಕವನ್ನು ಲೇಪಿಸುತ್ತಾರೆ. ಕಿರಣ ಹೊರಗಿನಿಂದ, ಎಂದರೆ ವಿದ್ಯುದಗ್ರದ ಬೆನ್ನಿನ ಕಡೆಯಿಂದ ಬರುತ್ತದೆ. ಪ್ರತಿದೀಪ್ತಿಯೂ ಆ ಕಡೆಗೇ ಹೊರಡುತ್ತದೆ. ಕಿರಣದ ಹಾದಿಯಲ್ಲಿ ನೀರಿಲ್ಲ. ಮುಂಬದಿಯಲ್ಲಿ ದ್ರವ ಹಲವು ಮಿಲಿಮೀಟರ್ ಇದ್ದರೂ ಚಿಂತೆಯಿಲ್ಲ. ಪ್ರತಿ ವಿದ್ಯುದಗ್ರವನ್ನು ಎದುರಿಗೇ ಸಮಾನಾಂತರವಾಗಿ ನಿಲ್ಲಿಸಿ ವಿಭವವನ್ನು ಎಲ್ಲೆಡೆ ಸಮನಾಗಿಸಬಹುದು. ಗುಳ್ಳೆಗೂ ಹೊರಹೋಗಲು ದಾರಿ ಸಿಗುತ್ತದೆ. ಆದರೆ ಲೇಪನ ತೆಳುವಾದಷ್ಟೂ ಅದರ ರೋಧ ಹೆಚ್ಚು, ದಪ್ಪವಾದಷ್ಟೂ ಕಿರಣದ ನಷ್ಟ ಹೆಚ್ಚು. ಇವೆರಡರ ನಡುವೆ ಹದವನ್ನು ಕಂಡುಕೊಳ್ಳಬೇಕು.

(ಉ) ಕಿಟಕಿ ಮತ್ತು ಒಡಲು: ಕಿಟಕಿಗೆ ಬಹಳ ಪ್ರಚಲಿತವಾದುದು ಕ್ಯಾಪ್ಟಾನ್ ಎಂಬ ಹಳದಿ ಛಾಯೆಯ ಪಾಲಿಇಮೈಡ್ ಹಾಳೆ. ಕ್ಷ-ಕಿರಣದ ಹೊಡೆತವನ್ನು ಅದು ಚೆನ್ನಾಗಿ ತಾಳುತ್ತದೆ. ಆದರೆ ಪ್ರಬಲ ಕ್ಷಾರ ಅದನ್ನು ಕೊರೆಯುತ್ತದೆ. ಟೆಫ್ಲಾನ್ ಕ್ಷಾರಕ್ಕೂ ಆಮ್ಲಕ್ಕೂ ಬಗ್ಗುವುದಿಲ್ಲ; ಆದರೆ ವಿಕಿರಣಕ್ಕೆ ಬೇಗ ಶಿಥಿಲವಾಗುತ್ತದೆ. ಬೆರಿಲಿಯಂ ಕಿರಣಕ್ಕೆ ಬಲು ಪಾರದರ್ಶಕ. ಆದರೆ ಆಮ್ಲದಲ್ಲಿ ಕರಗುತ್ತದೆ, ಮೇಲಾಗಿ ವಿಷಕಾರಿ. ೧೦೦೦ ಎಲೆಕ್ಟ್ರಾನ್-ವೋಲ್ಟ್‌ಗಿಂತ ಕಡಿಮೆ ಶಕ್ತಿಯ ಮೃದು ಕ್ಷ-ಕಿರಣಗಳಾದರೆ ಈ ಹಾಳೆಗಳಾವುವೂ ಸಲ್ಲವು. ಅಲ್ಲಿ ಸುಮಾರು ೧೦೦ ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪೊರೆ ಬೇಕು. ಅದು ಒಡೆದರೆ ದ್ರವವು ನಿರ್ವಾತ ಕೊಳವೆಗೆ ನುಗ್ಗುತ್ತದೆ. ಎಲ್ಲ ಗುಣಗಳೂ ಇರುವ ಕಿಟಕಿ ಇಲ್ಲ. ಕ್ರಿಯೆಯನ್ನು ನೋಡಿ ಕಿಟಕಿಯನ್ನು ಆರಿಸಬೇಕು.

ಕೋಶದ ಒಡಲಿಗೂ ಈ ಮಾತು ಅನ್ವಯಿಸುತ್ತದೆ. ಗಾಜು ಕ್ಷಾರದಲ್ಲಿ ಸವೆದು ಕಲ್ಮಶಗಳನ್ನು ಬಿಡುತ್ತದೆ. ಪ್ಲಾಟಿನಂ ಪ್ರತಿ ವಿದ್ಯುದಗ್ರ ಅಲ್ಪಾಲ್ಪವಾಗಿ ಕರಗಿ ಕಾರ್ಯ ವಿದ್ಯುದಗ್ರದ ಮೇಲೆ ಬಂದು ಕುಳಿತರೆ, ಜಲಜನಕ ಬಿಡುಗಡೆಯ ಪ್ರಯೋಗದಲ್ಲಿ ಕೀರ್ತಿಯೆಲ್ಲ ಪರೀಕ್ಷೆಗೊಳಗಾದ ವಸ್ತುವಿಗೆ ಹೋಗುತ್ತದೆ, ಕೆಲಸ ಮಾಡಿದ್ದು ಪ್ಲಾಟಿನಂ ಆಗಿರುತ್ತದೆ. ಹೀಗಾಗಿ ಎರಡು ಕಡೆಗಳ ನಡುವೆ ಅಯಾನು ಪೊರೆಯನ್ನಿಡುವುದು ಅಥವಾ ಇಂಗಾಲದ ಪ್ರತಿ ವಿದ್ಯುದಗ್ರವನ್ನು ಬಳಸುವುದು ವಿಹಿತ.

(ಊ) ಎಷ್ಟು ಲೋಹ? ಗಟ್ಟಿ ಕ್ಷ-ಕಿರಣ ವಸ್ತುವಿನ ಒಳಗನ್ನೂ ಮೇಲ್ಮೈಯನ್ನೂ ಒಟ್ಟಿಗೆ ನೋಡಿ ಸರಾಸರಿಯನ್ನು ಕೊಡುತ್ತದೆ. ಆದರೆ ಕ್ರಿಯೆ ನಡೆಯುವುದು ದ್ರವ ಮುಟ್ಟುವಲ್ಲಿ ಮಾತ್ರ. ಎರಡು ನ್ಯಾನೋಮೀಟರ್ ವ್ಯಾಸದ ಲೋಹದ ಕಣದಲ್ಲಿ ಸುಮಾರು ಅರ್ಧದಷ್ಟು ಪರಮಾಣುಗಳು ಮೇಲ್ಮೈಯಲ್ಲಿರುತ್ತವೆ. ಇಪ್ಪತ್ತು ನ್ಯಾನೋಮೀಟರಿನ ಕಣದಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ದೊಡ್ಡ ಕಣಗಳನ್ನು ದಪ್ಪವಾಗಿ ಬಳಿದರೆ ಸಂಕೇತ ಬಲವಾಗುತ್ತದೆ. ಆದರೆ ಆ ಸಂಕೇತದಲ್ಲಿ ಕೆಲಸಗಾರರಿಗಿಂತ ಪ್ರೇಕ್ಷಕರ ಧ್ವನಿಯೇ ಹೆಚ್ಚು. ತೆಳುವಾಗಿ ಬಳಿದರೆ ಸಂಕೇತ ಕ್ಷೀಣ, ಸಾಕ್ಷ್ಯ ಪ್ರಾಮಾಣಿಕ.

೬. ನೋಡುವ ಕಿರಣವೇ ಕೈಯಾಡಿಸಿದರೆ

ಹಳೆಯ ಓಲೆಗರಿಗಳ ಅಕ್ಷರ ಕಾಣದಾದಾಗ ಮಸಿಯನ್ನು ಲೇಪಿಸಿ ಒರೆಸಿ ಓದುತ್ತೇವೆ. ಕೊರೆದ ಗೆರೆಗಳಲ್ಲಿ ಮಸಿ ನಿಂತು ಅಕ್ಷರ ಮೂಡುತ್ತದೆ. ಆದರೆ ಬಿರುಸಾಗಿ ಒರೆಸಿದರೆ ಗರಿಯೇ ಸೀಳುತ್ತದೆ. ಓದುವ ಕ್ರಮವೇ ಓದಬೇಕಾದುದನ್ನು ಕೆಡಿಸುತ್ತದೆ. ತೀವ್ರ ಕ್ಷ-ಕಿರಣದ ವಿಷಯದಲ್ಲೂ ಹೀಗೆಯೇ. ಕಿರಣ ನೀರಿನ ಅಣುಗಳನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್, ಜಲಾವೃತ ಎಲೆಕ್ಟ್ರಾನ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಉಗ್ರ ಪದಾರ್ಥಗಳನ್ನು ಹುಟ್ಟಿಸುತ್ತದೆ. ಇವು ಕ್ರಿಯಾವರ್ಧಕವನ್ನು ಉತ್ಕರ್ಷಿಸಬಹುದು ಅಥವಾ ಅಪಕರ್ಷಿಸಬಹುದು. ಆಗ ರೋಹಿತದಲ್ಲಿ ಕಂಡ ಬದಲಾವಣೆ ವಿಭವದಿಂದ ಆದುದೋ ಕಿರಣದಿಂದ ಆದುದೋ ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೆ ಕೋಶದ ರಚನೆಯಲ್ಲೂ ಅಳತೆಯ ಕ್ರಮದಲ್ಲೂ ಪ್ರತಿವಿಧಾನಗಳಿವೆ. ದ್ರವ ಹರಿಯುತ್ತಿದ್ದರೆ ಉಗ್ರ ಪದಾರ್ಥಗಳ ಒಂದಂಶ ಕೊಚ್ಚಿಹೋಗುತ್ತದೆ. ಕಿರಣ ಬೀಳುವ ಜಾಗವನ್ನು ಆಗಾಗ ಬದಲಿಸುವಂತೆ ವಿದ್ಯುದಗ್ರ ಅಗಲವಾಗಿರಬೇಕು. ಅಲ್ಯೂಮಿನಿಯಂ ಹಾಳೆಯನ್ನು ಅಡ್ಡವಿಟ್ಟು ಕಿರಣದ ತೀವ್ರತೆಯನ್ನು ತಗ್ಗಿಸಿ ಅದೇ ಅಳತೆಯನ್ನು ಪುನಃ ಮಾಡಬೇಕು. ತೆರೆಯನ್ನು ಮುಚ್ಚಿದಾಗಲೂ ತೆಗೆದಾಗಲೂ ವಿದ್ಯುತ್ ಪ್ರವಾಹ ಒಂದೇ ಆಗಿದೆಯೇ ಎಂದು ನೋಡಬೇಕು. ಮೊದಲ ರೋಹಿತವೂ ಹತ್ತನೆಯ ರೋಹಿತವೂ ಹೊಂದದಿದ್ದರೆ ಆ ಭೇದಕ್ಕೆ ಕಾರಣವನ್ನು ಕೊಡದೆ ಮುಂದುವರಿಯಬಾರದು. ಲಿಪಿಕಾರನ ಕೈತಪ್ಪನ್ನು ಕವಿಯ ತಲೆಗೆ ಕಟ್ಟಬಾರದೆಂಬುದು ಪಾಠಪರಿಷ್ಕರಣದ ಮೊದಲ ಪಾಠವಷ್ಟೆ. ಇಲ್ಲಿಯೂ ಅದೇ ನಿಯಮ.

೭. ಒಂದು ನಿದರ್ಶನ: ನಿಕಲ್-ಕಬ್ಬಿಣ

ಇಷ್ಟೆಲ್ಲ ಎಚ್ಚರಿಕೆ ಏಕೆಂಬುದನ್ನು ನಿಕಲ್-ಕಬ್ಬಿಣದ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. ಕ್ಷಾರದ್ರಾವಣದಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡಲು ನಿಕಲ್ ಆಕ್ಸೈಡು ಒಳ್ಳೆಯ ಕ್ರಿಯಾವರ್ಧಕವೆಂದು ಪ್ರಸಿದ್ಧಿಯಿತ್ತು. ಅದರೊಳಗೆ ಸೇರಿದ ಅತ್ಯಲ್ಪ ಕಬ್ಬಿಣವೂ ಕ್ರಿಯೆಯ ವೇಗವನ್ನು ಬಹಳವಾಗಿ ಹೆಚ್ಚಿಸುತ್ತದೆಂದು ೧೯೮೭ರಲ್ಲಿ ಡೆನಿಸ್ ಕಾರಿಗನ್ ತೋರಿಸಿದರು. ೨೦೧೪ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಬೆಟ್ಚರ್ ಅವರ ತಂಡ, ಕ್ಷಾರದಲ್ಲಿರುವ ಕಬ್ಬಿಣದ ಲೇಶವನ್ನು ಶೋಧಿಸಿ ತೆಗೆದರೆ ನಿಕಲ್ ಆಕ್ಸಿಹೈಡ್ರಾಕ್ಸೈಡಿನ ಸಾಮರ್ಥ್ಯ ತೀರ ಕಡಿಮೆಯೆಂದು ಸ್ಪಷ್ಟಪಡಿಸಿತು. ಎಂದರೆ ಅಂಗಡಿಯಿಂದ ತಂದ ಕ್ಷಾರದಲ್ಲೇ ಇದ್ದ ಕಲ್ಮಶ ದೀರ್ಘಕಾಲ ನಿಕಲ್ಲಿನ ಹೆಸರಿನಲ್ಲಿ ದುಡಿಯುತ್ತಿತ್ತು!

ಹಾಗಾದರೆ ಕೆಲಸ ಮಾಡುವ ನೆಲೆ ಯಾವುದು, ನಿಕಲ್ಲೇ ಕಬ್ಬಿಣವೇ? ೨೦೧೫ರಲ್ಲಿ ಫ್ರೀಬೆಲ್, ಬೆಲ್ ಮತ್ತು ಸಂಗಡಿಗರು ಕಾರ್ಯನಿರತ ಸ್ಥಿತಿಯಲ್ಲಿ ಎರಡೂ ಲೋಹಗಳ ಅಂಚುಗಳನ್ನು ಅಳೆದರು. ನಿಕಲ್ ಆಕ್ಸಿಹೈಡ್ರಾಕ್ಸೈಡಿನ ಜಾಲದಲ್ಲಿ ಸೇರಿಕೊಂಡ ಕಬ್ಬಿಣದ ಸುತ್ತ ಆಮ್ಲಜನಕದ ಬಂಧಗಳು ಅಸಾಮಾನ್ಯವಾಗಿ ಗಿಡ್ಡವಾಗಿರುವುದನ್ನು ಕಂಡು, ಸೈದ್ಧಾಂತಿಕ ಲೆಕ್ಕಗಳನ್ನೂ ಜೋಡಿಸಿ, ಕಬ್ಬಿಣದ ನೆಲೆಯೇ ಸಕ್ರಿಯವೆಂದು ಅವರು ವಾದಿಸಿದರು. ಕಬ್ಬಿಣ ಅಲ್ಲಿ +೩ ಸ್ಥಿತಿಯಲ್ಲಿದೆಯೆಂಬುದು ಅವರ ತೀರ್ಮಾನ. ಅದೇ ವರ್ಷ ಸ್ಟಾಲ್ ಮತ್ತು ಸಂಗಡಿಗರು ಮ್ಯೋಸ್‌ಬೌವರ್ ವಿಧಾನದಿಂದ ನೋಡಿದಾಗ ಕಬ್ಬಿಣದ ಒಂದಂಶ +೪ ಸ್ಥಿತಿಯಲ್ಲಿರುವುದು ಕಂಡಿತು. ಆದರೆ ಕ್ರಿಯೆಯ ವೇಗಕ್ಕೆ ಆ +೪ ನೆಲೆಗಳೇ ಕಾರಣವೆಂದು ಅವರು ಹೇಳಲಿಲ್ಲ. ಇಬ್ಬರೂ ಪ್ರಾಮಾಣಿಕರು, ವಿಧಾನ ಬೇರೆ, ಮಾದರಿ ಬೇರೆ, ಲೇಪನದ ಪ್ರಮಾಣ ಬೇರೆ, ಕೋಶ ಬೇರೆ. ಒಂದೇ ಕಾವ್ಯದ ಎರಡು ಒಳ್ಳೆಯ ಪ್ರತಿಗಳು ಭಿನ್ನ ಪಾಠವನ್ನು ಕೊಟ್ಟಾಗ ಎರಡನ್ನೂ ಇಟ್ಟುಕೊಂಡು, ಯಾವ ಪ್ರತಿ ಹೇಗೆ ಸಿದ್ಧವಾಯಿತೆಂಬುದನ್ನು ವಿಚಾರಿಸುತ್ತೇವಲ್ಲವೆ? ಇಲ್ಲಿ ಕೋಶದ ವಿವರವೇ ಆ ವಿಚಾರಣೆಗೆ ಆಧಾರ.

೮. ಓದುಗರು ಕೇಳಬೇಕಾದ ಪ್ರಶ್ನೆಗಳು

ಈ ಕ್ಷೇತ್ರದ ಪ್ರಬಂಧವೊಂದು ಕೈಗೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳಿತು. ಕ್ಷ-ಕಿರಣದ ಕೋಶದಲ್ಲಿ ದೊರೆತ ವಿದ್ಯುತ್-ವಿಭವ ರೇಖೆ ಸಾಮಾನ್ಯ ಕೋಶದಲ್ಲಿ ದೊರೆತುದನ್ನು ಹೋಲುತ್ತದೆಯೇ? ಹೋಲದಿದ್ದರೆ ಎರಡೂ ಕಡೆ ನೋಡಿದ್ದು ಒಂದೇ ಕ್ರಿಯೆಯಲ್ಲ. ದ್ರಾವಣದ ರೋಧದಿಂದಾದ ವಿಭವನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ? ಕಿರಣ ಬಿದ್ದ ಭಾಗ ನಿಜವಾಗಿ ದುಡಿಯುತ್ತಿದ್ದ ಭಾಗವೇ? ಉತ್ಪನ್ನವನ್ನು ಅಳೆದಿದ್ದಾರೆಯೇ? ಕಿರಣದಿಂದ ಹಾನಿಯಾಗಿಲ್ಲವೆಂಬುದಕ್ಕೆ ಪರೀಕ್ಷೆ ನಡೆಸಿದ್ದಾರೆಯೇ? ಕೋಶದ ಚಿತ್ರವನ್ನೂ ಅಳತೆಗಳನ್ನೂ ಕೊಟ್ಟಿದ್ದಾರೆಯೇ? ಹಸ್ತಪ್ರತಿಯ ವಿವರವನ್ನು ಕೊಡದ ಸಂಪಾದನೆಯನ್ನು ನಾವು ಒಪ್ಪುವುದಿಲ್ಲ. ಕೋಶದ ವಿವರವನ್ನು ಕೊಡದ ರೋಹಿತವನ್ನು ಅವರೂ ಒಪ್ಪಬಾರದು.

೯. ಉಪಸಂಹಾರ

ಈ ಲೇಖನವನ್ನು ಸಿದ್ಧಪಡಿಸುವಾಗ ನಮಗೆ ಎರಡು ಸಂಗತಿಗಳು ಮನವರಿಕೆಯಾದವು. ಮೊದಲನೆಯದು, ಕ್ಷ-ಕಿರಣದ ಸಾಕ್ಷ್ಯ ಎಷ್ಟೇ ಸೂಕ್ಷ್ಮವಾಗಿರಲಿ ಅದರ ಸತ್ಯಾಸತ್ಯತೆ ನಿಂತಿರುವುದು ಅಂಗೈಯಗಲದ ಒಂದು ಪೆಟ್ಟಿಗೆಯ ರಚನೆಯ ಮೇಲೆ. ನೀರಿನ ಪದರದ ದಪ್ಪ, ಕಿಟಕಿಯ ಹಾಳೆ, ಗುಳ್ಳೆಯ ದಾರಿ, ಇಂತಹ ಸಾಧಾರಣ ಸಂಗತಿಗಳನ್ನು ಅಲಕ್ಷಿಸಿದವರು ದೊಡ್ಡ ಯಂತ್ರದಿಂದ ದೊಡ್ಡ ತಪ್ಪನ್ನೇ ಪಡೆಯುತ್ತಾರೆ.

ಎರಡನೆಯದು, ಇವೆಲ್ಲವನ್ನೂ ಕನ್ನಡದಲ್ಲಿ ಹೇಳಲು ಸಾಧ್ಯ. ಕೆಲವು ಪದಗಳನ್ನು ಸಂಸ್ಕೃತದಿಂದ ಪಡೆದೆವು, ಕೆಲವನ್ನು ಹಾಗೆಯೇ ಉಳಿಸಿಕೊಂಡೆವು, ಗುಳ್ಳೆ, ಕಿಟಕಿ, ಹಾಳೆ, ಹದ ಎಂಬ ಮನೆಮಾತುಗಳು ತಾವಾಗಿಯೇ ಬಂದು ಕೆಲಸ ಮಾಡಿದವು. ಕರಡನ್ನು ಆ ಸಂಶೋಧಕರಿಗೆ ಓದಿ ತೋರಿಸಿದೆವು. ಅವರು ವಿಷಯದಲ್ಲಿ ನಾವು ಮಾಡಿದ್ದ ಎರಡು ತಪ್ಪುಗಳನ್ನು ತಿದ್ದಿದರು, ಬಳಿಕ ಪ್ರತಿಯೊಂದನ್ನು ಊರಿಗೆ ಕಳುಹಿಸುವುದಾಗಿ ಹೇಳಿ ತೆಗೆದುಕೊಂಡು ಹೋದರು. ಹೊರನಾಡಿನ ವಿಜ್ಞಾನ ವಿಭಾಗಗಳಲ್ಲಿರುವ ಕನ್ನಡಿಗ ಸಂಶೋಧಕರು ತಮ್ಮ ತಮ್ಮ ಕೆಲಸವನ್ನು ಹೀಗೆ ಬರೆದು ಕಳುಹಿಸಿದರೆ ಈ ಸಂಚಿಕೆಗಳಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ. ಪದ ತಿಳಿಯದೆಂದು ಅಂಜಬೇಕಿಲ್ಲ. ಫ್ಯಾರಡೆಗೂ ತಿಳಿದಿರಲಿಲ್ಲ, ಅವನು ಕೇಳಿದನು. ಇಲ್ಲಿ ಬಳಸಿದ ಪದಗಳಲ್ಲಿ ಒಪ್ಪಿಗೆಯಾಗದವು ಇದ್ದರೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇವೆ.